ಸೆರಗು ಹಿಡಿದು ನಿಂತಿದ್ದ ಮಗು

ಪವಾಡ, ಶಕುನ, ಕಣ್ಣಿಗೆ ಏನೋ ಕಂಡಿತು ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವವಳು ನಾನು. ಹಾಗೆ ಎದ್ದು ಹೋಗಿ ನೆಂಟರಲ್ಲಿ ನಿಷ್ಠುರ ಕಟ್ಟಿಕೊಂಡದ್ದೂ ಉಂಟು. ಈಗ ನಾನೇ ಅಂಥದ್ದೊಂದನ್ನು ಹೇಳಲು ಕೂತಿದ್ದೇನೆ. ನೀವು ಅರ್ಧಕ್ಕೆ ಎದ್ದು ಹೋದರೆ ನನಗೆ ಬೇಸರವಿಲ್ಲ.

ಕಲ್ಯಾಣಪುರಕ್ಕೆ ಮದುವೆ ಮಾಡಿಕೊಟ್ಟ ನನ್ನ ಅಕ್ಕನಿಗೆ ಬಹಳ ವರ್ಷ ಮಕ್ಕಳಾಗಲಿಲ್ಲ. ಮಗುವಾದರೆ ಕಾಪು ಹತ್ತಿರದ ನಮ್ಮ ತವರಿನ ದೇವಿಗೆ ಒಂದು ಅಟ್ಟೆ, ಅಂದರೆ ನಾಲ್ಕು ಚೆಂಡು, ಶಂಕರಪುರ ಮಲ್ಲಿಗೆ ಒಪ್ಪಿಸಿ, ಮಗುವನ್ನು ಗರ್ಭಗುಡಿಯ ಎದುರು, ದೇವರ ನಡೆಯಲ್ಲಿ ಮಲಗಿಸುತ್ತೇನೆ ಎಂದು ಹರಕೆ ಹೇಳಿಕೊಂಡಿದ್ದಳು. ಕೊನೆಗೂ ಬಸಿರಾದಳು. ಆರು ತಿಂಗಳು ತುಂಬುವಾಗ ದುಬೈಯಲ್ಲಿ ಕೆಲಸಕ್ಕಿದ್ದ ಬಾವನ ರಜೆ ಮುಗಿಯುತ್ತ ಬಂತು. ಹೆರಿಗೆಗೆ ಮತ್ತೆ ಬರುವ ಹಾಗಿರಲಿಲ್ಲ.

"ನಾನಿರುವಾಗಲೇ ಮಲ್ಲಿಗೆ ಹರಕೆ ಒಪ್ಪಿಸಿ ಬರುವ, ಮಗುವನ್ನು ಮಲಗಿಸುವುದು ಹುಟ್ಟಿದ ಮೇಲಾಯ್ತು. ದೇವಿ ಹೇಗೂ ಕೊಟ್ಟಾಯ್ತಲ್ಲ, ಇನ್ನೆಂತ ಕಾಯುವುದು?" ಎಂದರು ಬಾವ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂದು ಅಮ್ಮ ಗೊಣಗಿದರು. ಯಾರು ಕೇಳುತ್ತಾರೆ? ಗಲ್ಫಿನವರ ಮನೆಗಳಲ್ಲಿ ಗೃಹಪ್ರವೇಶ, ನಿಶ್ಚಿತಾರ್ಥ ಎಲ್ಲವೂ ರಜೆ ನೋಡಿಯೇ ನಡೆಯುವುದು. ದೇವಿಗೆ ಕೃತಜ್ಞತೆ ಹೇಳುವುದನ್ನೂ ನಾವು ಹಾಗೆಯೇ ಮುಗಿಸಲು ಹೊರಟೆವು.

ಮಧ್ಯಾಹ್ನ ಪೂಜೆಯ ಹೊತ್ತು. ಅಕ್ಕ, ಬಾವ, ನಾನು ಬಿಟ್ಟರೆ ದೇವಸ್ಥಾನದಲ್ಲಿ ಬೇರೆ ಭಕ್ತರಿರಲಿಲ್ಲ. ಅರ್ಚಕರು ಹೊಸಬರು, ನಮ್ಮ ಪರಿಚಯ ಅವರಿಗಿಲ್ಲ. ಸಂತಾನದ ಹರಕೆ ಎಂದಷ್ಟೇ ಬಾವ ಹೇಳಿದರು. ಅರ್ಚಕರು ನಮ್ಮ ಪರವಾಗಿ ಗಟ್ಟಿಯಾಗಿ ಪ್ರಾರ್ಥನೆ ಮಾಡಿದರು: "ತಾಯೀ, ಕೇಳಿದ್ದನ್ನು ಕೊಟ್ಟಿದ್ದಿ. ನಿನ್ನ ಉಪಕಾರ ಮರೆಯುವವರಲ್ಲ ಇವರು." ಅಕ್ಕನ ಕಣ್ಣಲ್ಲಿ ಧಾರಾಕಾರ ನೀರು.

ಮೂವರಿಗೂ ಪ್ರಸಾದ ಕೊಟ್ಟ ಮೇಲೆ ಅರ್ಚಕರು ಮಲ್ಲಿಗೆಯ ಒಂದು ತುಂಡು ಹಿಡಿದು, ಅಕ್ಕನ ಎಡಬದಿಗೆ ಬಗ್ಗಿದರು. ಅಲ್ಲಿ ಯಾರೂ ಇರಲಿಲ್ಲ.

"ಇದನ್ನು ಮಗುವಿಗೆ ಮುಡಿಸಿ" ಎಂದರು.

"ಯಾವ ಮಗು?" ಎಂದು ಕೇಳಿದೆ.

"ಇಲ್ಲೇ ಇವರ ಸೆರಗು ಹಿಡಿದು ನಿಂತಿತ್ತಲ್ಲಮ್ಮ. ಹೊರಗೆ ಓಡಿತೋ ಎಂತದೋ."

ನಾನು ಅಂಗಳಕ್ಕೆ ಒಂದು ಸುತ್ತು ಬಂದೆ, ಬಾವಿಕಟ್ಟೆಯ ಹತ್ತಿರವೂ ನೋಡಿದೆ. ಮಗು ಬಿಡಿ, ಒಂದು ನಾಯಿಯೂ ಇರಲಿಲ್ಲ. ಎದುರಿನ ಹಣ್ಣುಕಾಯಿ ಅಂಗಡಿಯಾಕೆ, ನಿಮ್ಮ ನಂತರ ಯಾರೂ ಒಳಗೆ ಹೋಗಿಲ್ಲ ಎಂದಳು. ಬಾವನಿಗೆ ಮಾತ್ರ ಹಿಗ್ಗೋ ಹಿಗ್ಗು. ದೇವಿಯೇ ಮಗುವನ್ನು ತೋರಿಸಿದಳು ಎಂದು ದಾರಿಯುದ್ದಕ್ಕೂ ಹೇಳಿದರು.

ಬಾವ ದುಬೈಗೆ ಹೋದ ಮೇಲೆ, ಮಣಿಪಾಲದ ಆಸ್ಪತ್ರೆಯಲ್ಲಿ ಅಕ್ಕ ಹೆತ್ತಳು. ಹೆಣ್ಣು. ಉಸಿರಿರಲಿಲ್ಲ. ಅಕ್ಕನಿಗೆ ಎಚ್ಚರವಾಗುವ ಮೊದಲೇ ದೊಡ್ಡವರು ಸೇರಿ ಮಣ್ಣು ಮಾಡಿಬಿಟ್ಟರು, ನೋಡಿದರೆ ಮರೆಯುವುದು ಕಷ್ಟ ಎಂದು. ನೋಡದಿದ್ದರೆ ಮರೆಯುತ್ತದೆ ಎಂದು ಅವರಿಗೆ ಯಾರು ಹೇಳಿದರೋ! ಅವಸರದ ಹರಕೆ ದೇವಿಗೆ ಸೇರಲಿಲ್ಲ ಎಂದು ಅಮ್ಮ ಅತ್ತರು. ನನಗೆ ದೇವಿಯ ಮೇಲೆಯೇ ಸಿಟ್ಟು ಬಂತು. ನಮ್ಮ ಅವಸರ ಕಂಡ ದೇವಿಗೆ ಅಕ್ಕನ ಕಣ್ಣೀರು ಕಾಣಲಿಲ್ಲವೇ?

ಬಾಣಂತನ ಮುಗಿದದ್ದೇ ಅಕ್ಕ ಆ ದೇವಸ್ಥಾನಕ್ಕೇ ಕರೆದುಕೊಂಡು ಹೋಗು ಎಂದಳು. ದೇವಿಯನ್ನು ಬೈಯಲಿಕ್ಕೆ ಇರಬೇಕು ಎಂದು ಖುಷಿಯಿಂದಲೇ ಹೊರಟೆ. ಅವಳು ನೇರ ಅರ್ಚಕರ ಹತ್ತಿರ ಹೋದಳು.

"ಅವತ್ತು ನನ್ನ ಸೆರಗು ಹಿಡಿದಿತ್ತು ಅಂದ್ರಲ್ಲ, ಆ ಮಗು ಹೇಗಿತ್ತು?"

ಅವರು ಸ್ವಲ್ಪ ನೆನಪು ಮಾಡಿಕೊಂಡರು. "ಹೆಣ್ಣು ಮಗು. ಮೂರು ವರ್ಷ ಆಗಿರಬಹುದು. ಎರಡು ಜುಟ್ಟು ಕಟ್ಟಿತ್ತು. ನನ್ನನ್ನು ನೋಡಿ ನಕ್ಕಿತು. ಇವತ್ತು ಕರ್ಕೊಂಡು ಬರಲಿಲ್ವಾ?"

"ಇಲ್ಲ, ಮಲಗಿದ್ದಾಳೆ" ಎಂದಳು ಅಕ್ಕ. ಆಮೇಲೆ ಗರ್ಭಗುಡಿಯತ್ತ ತಿರುಗಿ ಕೈ ಮುಗಿದಳು. "ನನಗೆ ಅಲ್ಲದಿದ್ದರೂ ಇವರಿಗಾದರೂ ತೋರಿಸಿದ್ದಿಯಲ್ಲ. ನಿನ್ನ ಉಪಕಾರ ತಾಯೀ."

ಅರ್ಚಕರು ಏನು ಕಂಡರೋ, ನನಗೆ ಈವರೆಗೂ ತಿಳಿದಿಲ್ಲ. ಸುಳ್ಳು ಹೇಳಿ ಅವರಿಗೆ ಆಗಬೇಕಾದದ್ದು ಏನೂ ಇರಲಿಲ್ಲ. ಅಕ್ಕನಿಗೆ ಮತ್ತೆ ಮಕ್ಕಳಾಗಲಿಲ್ಲ. ಈಗಲೂ ಅಲ್ಲಿಗೆ ಹೋಗಿ ಕೃತಜ್ಞತೆ ಹೇಳಿ ಬರುತ್ತಾಳೆ. ಕರೆದುಕೊಂಡು ಹೋಗುವ ನಾನು ಒಳಗೆ ಕಾಲಿಡುವುದಿಲ್ಲ. ಹೋದರೆ ಬಾಯಿ ಸುಮ್ಮನಿರುವುದಿಲ್ಲ. ಜುಟ್ಟು ಕಟ್ಟುವಷ್ಟು ಬೆಳೆಸಿ ಅರ್ಚಕರಿಗೆ ತೋರಿಸಿದವಳಿಗೆ, ಉಸಿರಿರುವ ಒಂದು ಕೂಸನ್ನು ಅಕ್ಕನ ಕೈಗೆ ಕೊಡಲು ಎಂತ ಕಷ್ಟವಿತ್ತು ಎಂದು ಕೇಳಿಬಿಡುತ್ತೇನೆ.