ಒಳಮೈಗೆ ಸಾಣೆ

ಬೀದಿಯವರಿಗೆಲ್ಲ ಆಕೆ ಕತ್ತರಿ ಅಕ್ಕ. ಬಟ್ಟೆ ಹೊಲಿಯುತ್ತಾಳೆ, ಕೈಚೀಲವನ್ನೂ ಮಾಡುತ್ತಾಳೆ. ಚೀಲದ ರಟ್ಟಿಗೆ ಬ್ಲೇಡಿನ ಚಾಕು, ರೆಕ್ಸಿನ್‌ಗೆ ದಪ್ಪ ಕತ್ತರಿ, ಬಟ್ಟೆಗೆ ಬಟ್ಟೆಯದೇ ಕತ್ತರಿ. ಈ ಕೊನೆಯದಕ್ಕೆ ಕಾಗದ ತಾಗಿತೋ, ಮನೆ ರಣರಂಗ. ಆ ಕತ್ತರಿಯಲ್ಲಿ ಹಾಲಿನ ಪ್ಯಾಕೆಟ್ಟು ಕತ್ತರಿಸಿ ಬೈಸಿಕೊಳ್ಳುತ್ತಿದ್ದ ಮಗಳು ಮದುವೆಯಾಗಿ ಹೋದಳು. ಈಗ ಬೈಸಿಕೊಳ್ಳಲು ಉಳಿದವರು ಗಂಡ ಒಬ್ಬರೇ. ಬಸ್ಸು ಓಡಿಸಿ ನಿವೃತ್ತರಾದ ಮೇಲೆ ಪಾಪ, ಅವರ ಕೈಗೆ ಸ್ಟೀರಿಂಗೇ ಸಿಗುತ್ತಿಲ್ಲ.

ಆಕೆಗೋ ವಿಪರೀತ ದಣಿವು. ಬೆಳಿಗ್ಗೆ ಎದ್ದಾಗಲೇ ಕೈ ಸೋತಿರುತ್ತದೆ. ಅಂಥದ್ದರಲ್ಲಿ ಅದೇ ಬೀದಿಯ ಟೀಚರಮ್ಮ, ತೀರಿಕೊಂಡ ತಮ್ಮ ತಾಯಿ ಹೊದೆಯುತ್ತಿದ್ದ ರೇಷ್ಮೆ ಶಾಲು ತಂದು, ನನ್ನ ಮಗಳಿಗೆ ಫ್ರಾಕು ಹೊಲಿದುಕೊಡಿ ಅಂದಿದ್ದರು. ಕೆಟ್ಟರೆ ಯಾವ ಅಂಗಡಿಯಲ್ಲೂ ಸಿಗುವ ಬಟ್ಟೆಯಲ್ಲ. ದಿನ ದೂಡುತ್ತಾ ಬಂದವಳು ಅವತ್ತು ಮನಸ್ಸು ಗಟ್ಟಿ ಮಾಡಿ ಶಾಲಿಗೆ ಕತ್ತರಿ ಹಾಕಿದಳು.

ರೇಷ್ಮೆ ತುಂಡಾಗಲಿಲ್ಲ. ಅಲಗುಗಳ ನಡುವೆ ಮಡಚಿ ಸಿಕ್ಕಿಕೊಂಡಿತು. ಮೆಲ್ಲಗೆ ಬಿಡಿಸಿ ನೋಡಿದರೆ, ಪುಣ್ಯಕ್ಕೆ ಅಂಚಿನಲ್ಲೊಂದು ಎಳೆ ಎದ್ದಿತ್ತು, ಅಷ್ಟೇ. ಕತ್ತರಿ ಅಗಲಿಸಿದಳು. ಅಲಗುಗಳ ಒಳಮೈ ತುಂಬ ಹೊಸ ಗೀರು.

"ಹೆಂಗಿದೆ?" ಬಾಗಿಲಲ್ಲಿ ಗಂಡ ನಗುತ್ತಾ ನಿಂತಿದ್ದರು. "ನಿಂಗೆ ಕೈನೋವು ಅಂತ ನಾನೇ ಸಾಣೆ ಹಿಡಿದೆ. ಒಳಗೂ ಹೊರಗೂ!"

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು. ಆಕೆಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ತ್ರಾಣ ಬೇಕಲ್ಲ, ಅಳು ಬಂತು.

"ಹೊರಗಡೆ ಮಾತ್ರ ಉಜ್ಜಬೇಕು ರೀ. ಒಳಗಡೆ ಉಜ್ಜಿದ್ರೆ ಎರಡು ಅಲಗೂ ಒಂದಕ್ಕೊಂದು ಕೂಡೋದೇ ಇಲ್ಲ. ಇದು ಇನ್ನು ಬಟ್ಟೆಗೆ ಆಗಲ್ಲ."

ಅವರ ಮುಖ ಸಣ್ಣದಾಯಿತು. ಆಕೆ ರಟ್ಟಿನ ಮೇಲೆ ಕಾಗದ ಹಾಸಿ, ಅದಕ್ಕೆ ರೇಷ್ಮೆಯನ್ನು ಪಿನ್ನು ಚುಚ್ಚಿ ಕೂರಿಸಿ, ಚಾಕುವಿಗೆ ಹೊಸ ಬ್ಲೇಡು ಹಾಕಿದಳು. ಸ್ಕೇಲಿಗೆ ಒತ್ತಿ ಇಷ್ಟಿಷ್ಟೇ ಎಳೆದಳು. ಜಾರುವ ತುದಿಯನ್ನು ಗಂಡ ಹಿಡಿದುಕೊಂಡರು. ಬಟ್ಟೆ ನೇರವಾಗಿ ಎರಡಾಯಿತು. ಆಕೆಗೆ ಹೋದ ಜೀವ ಬಂದಂತಾಯಿತು.

"ಇಷ್ಟು ವರ್ಷ ಜೊತೇಲಿದ್ದೀನಿ," ಅಂದರು ಅವರು. "ಈ ಒಳಗು ಹೊರಗು ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಯಾವತ್ತು ಕೇಳಿದ್ರಿ?"

ಅವರು ಒಂದು ಕೈಯಿಂದ ರೇಷ್ಮೆಯ ಸುಕ್ಕು ಸವರಿದರು. ಆಮೇಲೆ, ತುದಿ ಬಿಡದೆಯೇ ಕೇಳಿದರು: "ಕೈ ಎಲ್ಲಿ ನೋಯ್ತದೆ?"

ಆಕೆ ಚಾಕು ಕೆಳಗಿಟ್ಟು ಹೆಬ್ಬೆರಳಿನ ಬುಡ ತೋರಿಸಿದಳು. "ಇಲ್ಲಿ."