ನುಣುಪು ಗೋಡೆಯ ಮುನಿಲಕ್ಷ್ಮಮ್ಮ

ಶುಕ್ರವಾರದ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೂದಿಗೆರೆಯ ಆಚೆ, ಹೊಂಗೆ ಮರವೊಂದನ್ನು ಬಳಸಿಕೊಂಡು ನಿಂತಿರುವ ಮಣ್ಣಿನ ಮನೆಯ ಎದುರುಗೋಡೆಗೆ ಮುಖಮಾಡಿ ಮುನಿಲಕ್ಷ್ಮಮ್ಮ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಒಂದು ಪಕ್ಕದಲ್ಲಿ ಕಲಸಿದ ಮಣ್ಣಿನ ಬಾಂಡ್ಲಿ, ಇನ್ನೊಂದು ಪಕ್ಕದಲ್ಲಿ ನೀರಿನ ಚೆಂಬು. ಕೈಯಲ್ಲಿರುವುದು ಅತ್ತೆಯ ಕಾಲದ ಉಜ್ಜುವ ಕಲ್ಲು. ಎಷ್ಟೋ ಗೋಡೆಗಳನ್ನು ಉಜ್ಜಿ ಉಜ್ಜಿ ಅದೇ ನೇರಳೆಹಣ್ಣಿನ ಹಾಗೆ ಮಿರುಗುತ್ತಿದೆ. ಹಿಂದಿನ ಸಂಜೆ ತುಂಬಿಸಿಟ್ಟ ಮಣ್ಣು ಅರ್ಧ ಆರಿದೆ. ಕಲ್ಲು ಅದರ ಮೇಲೆ ಸುತ್ತುತ್ತಿದ್ದಂತೆ ಗೋಡೆ ಮೆಲ್ಲಗೆ ಹೊಳಪೇರುತ್ತದೆ.

ಮನೆಯ ಕಾವಲುಗಾರ ಆವಲಪ್ಪ ಟೀ ಹಿಡಿದುಕೊಂಡು ಬರುತ್ತಾರೆ. ಮುನಿಲಕ್ಷ್ಮಮ್ಮನ ಗಂಡ ಇವರೇ. ಗೋಡೆ ನೋಡುತ್ತಾರೆ, ಹೆಂಡತಿಯನ್ನು ನೋಡುತ್ತಾರೆ.

"ಲೇ ಲಕ್ಷ್ಮೀ, ಇದೇನೇ ಇದು? ಪಾಪಮ್ಮನ ಗೋಡೆನೇ ನುಂಗ್ತಾ ಇದ್ದೀಯಲ್ಲ?"

"ಮಳೆ ಹೊಡ್ದಿದ್ದು ಕಣ್ರೀ."

"ಮಳೆ ಹೊಡ್ದಿದ್ದು ಮೊಣಕಾಲು ಮಟ್ಟಕ್ಕೆ. ನೀನು ಸೊಂಟದವರೆಗೂ ಏರಿದ್ದೀಯ."

ಮುನಿಲಕ್ಷ್ಮಮ್ಮನ ಕೈಯಲ್ಲಿ ಕಲ್ಲು ನಿಂತಿದೆ. ತಲೆಯ ಮೇಲೆ ವಿಮಾನವೊಂದು ತೀರಾ ಕೆಳಗೆ ಹಾದು ದೇವನಹಳ್ಳಿಯ ಕಡೆ ಇಳಿಯುತ್ತದೆ.

ಊರಿನವರ ಬಾಯಲ್ಲಿ ಇದು 'ಮೆಟ್ಲು ಮನೆ'. ಕಟ್ಟಿಸಿದವರು ಬೆಂಗಳೂರಿನ ವಾಸ್ತುಶಿಲ್ಪಿ ದಿವ್ಯ. ಇನ್ನು ಕೆಲವು ದಶಕಗಳಲ್ಲಿ ನಗರ ಇಲ್ಲಿಯವರೆಗೂ ಹರಡಿದಾಗ ಜನ ಹೇಗೆ ಬದುಕಬಹುದು ಎಂದು ತೋರಿಸುವ ಮಾದರಿ ಇದು. ಮನೆಯ ಮೇಲೆ ಮನೆ ಇದೆ, ಆದರೆ ಮೆಟ್ಟಿಲಿನ ಹಾಗೆ ಹಿಂದಕ್ಕೆ ಸರಿಯುತ್ತಾ ಏರುತ್ತದೆ. ಕೆಳಗಿನವರ ಮಾಳಿಗೆಯೇ ಮೇಲಿನವರ ಅಂಗಳ. ಅಂಗಳದಲ್ಲಿ ಸೊಪ್ಪು ಬೆಳೆಯಬಹುದು, ಮಕ್ಕಳು ಮಣ್ಣಲ್ಲಿ ಆಡಬಹುದು. ಮೇಲೆ ಬಿದ್ದ ಮಳೆನೀರು ಅಂಗಳದಿಂದ ಅಂಗಳಕ್ಕೆ ಇಳಿದು ಮನೆ ಮುಂದಿನ ಕುಂಟೆಗೆ, ಆ ಪುಟ್ಟ ಕೆರೆಗೆ, ಸೇರುತ್ತದೆ. ಗೋಡೆಗೆ ಬಳಸಿದ್ದು ಆ ಕುಂಟೆ ತೋಡಿದಾಗ ಬಂದ ಮಣ್ಣನ್ನೇ. ಹೊಂಗೆ ಮರ ಅಡ್ಡ ಬಂದ ಕಡೆ ಮರವನ್ನು ಕಡಿಯದೆ ಮನೆಯನ್ನೇ ಬಾಗಿಸಿದ್ದಾರೆ. "ಫ್ಲ್ಯಾಟಲ್ಲಿ ಹುಟ್ಟಿ ಬೆಳೆದ ಮಗುಗೆ ಮಣ್ಣು ಅಂದ್ರೆ ಕುಂಡ ಅಷ್ಟೇ. ಊರು ಬೆಳೀಲಿ, ಬೇಡ ಅನ್ನೋಕಾಗಲ್ಲ. ಆದ್ರೆ ನೆಲ, ನೀರು, ನೆರಳು ಮೂರೂ ಮನೆಯೊಳಗೇ ಬರ್ಲಿ ಅಂತ ನನ್ನಾಸೆ" ಎನ್ನುತ್ತಾರೆ ದಿವ್ಯ. ವಾರದ ಕೊನೆಯಲ್ಲಿ ನೋಡಲು ಕಾರುಗಳಲ್ಲಿ ಜನ ಬರುತ್ತಾರೆ. ಒಳಗೆ ಕಾಲಿಟ್ಟವರು ಮೊದಲು ಹೇಳುವ ಮಾತು, "ಅಬ್ಬಾ, ಎಷ್ಟು ತಂಪು!"

ಆ ಮನೆಯ ಗೋಡೆಗಳಿಗೆ ಕೊನೆಯ ಕೈ ಆಡಿಸಿದವರು ಇಬ್ಬರು ಹೆಂಗಸರು. ಹಿರಿಯವರು ಮುನಿಲಕ್ಷ್ಮಮ್ಮ. ಕಿರಿಯವರು ಪಾಪಮ್ಮ, ಆವಲಪ್ಪನ ತಮ್ಮನ ಹೆಂಡತಿ. ಒಂದೇ ಮನೆಗೆ ಸೊಸೆಯರಾಗಿ ಬಂದ ಓರಗಿತ್ತಿಯರು.

ಮುನಿಲಕ್ಷ್ಮಮ್ಮ ಅನುಗೊಂಡನಹಳ್ಳಿಯ ಹೆಣ್ಣು. ಮದುವೆಯಾಗಿ ಬಂದಾಗ ಗಂಡನ ಮನೆ ಮಣ್ಣಿನದು. ಯುಗಾದಿಗೆ, ಗೌರಿಹಬ್ಬಕ್ಕೆ ಗೋಡೆಗೆಲ್ಲ ಮಣ್ಣು ಮೆತ್ತಿ, ಉಜ್ಜಿ, ಕೆಳಗೆ ಕೆಮ್ಮಣ್ಣಿನ ಪಟ್ಟೆ ಎಳೆಯುವುದು ಸೊಸೆಯರ ಕೆಲಸ. ಆ ಊರಲ್ಲಿ ಗೋಡೆಯ ಮೇಲೆ ಬೆರಳಿನ ಗುರುತು ಉಳಿಯಿತೆಂದರೆ ಹೆಂಗಸಿಗೆ ಕೆಲಸ ಬರುವುದಿಲ್ಲವೆಂದೇ ಅರ್ಥ. ಹಬ್ಬದ ದಿನ ಅತ್ತೆ ಅಂಗೈಯ ಹಿಂಬದಿಯಿಂದ ಗೋಡೆ ಸವರಿ ನೋಡುತ್ತಿದ್ದರಂತೆ. ಹಿರಿಸೊಸೆಯ ಗೋಡೆಯ ಮುಂದೆ ನಿಂತು, ಅಕ್ಕಪಕ್ಕದವರಿಗೆ ಕೇಳುವ ಹಾಗೆ, "ನೊಣ ಕೂತ್ರೂ ಜಾರ್ಬೇಕು, ಹಂಗೈತೆ" ಎನ್ನುತ್ತಿದ್ದರು. ಕಿರಿಸೊಸೆಯ ಗೋಡೆಯ ಮುಂದೆ ಬಂದರೆ, "ಯಾವ್ ಕೋಳಿ ಕೆದಕ್ತೇ ಇದ್ನ?"

"ಆ ಮನೇಲಿ ನಂಗೆ ಇನ್ನೇನೂ ಇರ್ಲಿಲ್ಲ" ಎನ್ನುತ್ತಾರೆ ಪಾಪಮ್ಮನನ್ನು 'ಪಾಪಿ' ಎಂದೇ ಕರೆಯುವ ಮುನಿಲಕ್ಷ್ಮಮ್ಮ. "ಪಾಪಿ ಬೆಳ್ಳಗಿದ್ಲು, ಅವಳ್ಗೆ ಗಂಡು ಮಗ ಮೊದ್ಲಾಯ್ತು, ಅವಳ್ ತವರಿಂದ ಹಸ ಬಂತು. ನಂಗೆ ಇದ್ದಿದ್ದು ಅದೊಂದು ಗೋಡೆ."

ಹೆಣ್ಣುಮಗಳೊಬ್ಬಳು ತುಂಬಿದ ಮನೆಯಲ್ಲಿ ತನ್ನದೆಂದು ಹಿಡಿದುಕೊಳ್ಳುವುದು ಕೆಲವು ಸಲ ಇಷ್ಟೇ ಇಷ್ಟು. ಒಬ್ಬಳ ಸಾರು, ಇನ್ನೊಬ್ಬಳ ಹೂವಿನ ದಂಡೆ, ಮತ್ತೊಬ್ಬಳ ಗೋಡೆ. ಅದನ್ನು ಯಾರೂ ಕಿತ್ತುಕೊಳ್ಳಲು ಬರುವುದಿಲ್ಲ ಎಂಬ ಧೈರ್ಯದ ಮೇಲೆ ಎಷ್ಟೋ ವರ್ಷ ಕಳೆದುಹೋಗುತ್ತದೆ.

ಊರ ಸುತ್ತಲಿನ ತೋಟಗಳು ಲೇಔಟುಗಳಾದ ಮೇಲೆ ಮಣ್ಣಿನ ಮನೆಗಳು ಒಂದೊಂದಾಗಿ ಬಿದ್ದವು. ಇವರ ಮನೆಯೂ ಬಿತ್ತು. ಅಣ್ಣತಮ್ಮಂದಿರು ಪಾಲಾಗಿ ಎದುರುಬದುರು ಸಿಮೆಂಟಿನ ಮನೆ ಕಟ್ಟಿಕೊಂಡರು. ಉಜ್ಜುವ ಕಲ್ಲು ಅಟ್ಟ ಸೇರಿತು. ಮುನಿಲಕ್ಷ್ಮಮ್ಮ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿದರು, ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಒರೆಸಿದರು. ಮಣ್ಣಿನ ಕೆಲಸ ಬಲ್ಲವರನ್ನು ಹುಡುಕಿಕೊಂಡು ದಿವ್ಯ ಊರಿಗೆ ಬಂದಾಗ ಎಲ್ಲರೂ ಬೆರಳು ತೋರಿಸಿದ್ದು ಇವರ ಮನೆಯ ಕಡೆಗೇ.

"ಒಬ್ಳೇ ಹೋಗೋಕೆ ನಾಚ್ಕೆ ಆಯ್ತು. ಜೊತೆಗಿರ್ಲಿ ಅಂತ ಪಾಪಿನೂ ಕರ್ಕೊಂಡ್ ಹೋದೆ" ಎಂದು ಹೇಳಿ ಹಣೆ ಚಚ್ಚಿಕೊಂಡು ನಗುತ್ತಾರೆ. "ಅಲ್ಲೇ ನೋಡಿ ನಾನ್ ಕೆಟ್ಟಿದ್ದು."

ದಿವ್ಯ ಇಬ್ಬರಿಗೂ ಒಂದೊಂದು ಗೋಡೆ ಕೊಟ್ಟರು. ಮುನಿಲಕ್ಷ್ಮಮ್ಮ ತಮ್ಮದನ್ನು ಕನ್ನಡಿ ಮಾಡಿಟ್ಟರು. ಪಾಪಮ್ಮನ ಗೋಡೆಯ ತುಂಬ ಬೆರಳಿನ ಗೀರುಗಳು, ಮೇಲಿನಿಂದ ಕೆಳಗೆ ಸಾಲುಸಾಲಾಗಿ, ರಾಗಿ ಹೊಲದಲ್ಲಿ ಕೂರಿಗೆ ಹೊಡೆದ ಹಾಗೆ. ದಿವ್ಯ ಎರಡನ್ನೂ ನೋಡಿ, ಪಾಪಮ್ಮನ ಕೈಯೇ ಎದುರುಗೋಡೆಗೆ ಎಂದರು. ಮುನಿಲಕ್ಷ್ಮಮ್ಮನಿಗೆ ಹಿಂದಿನ ಗೋಡೆಗಳು ಬಂದವು, ಬಚ್ಚಲಿನದೂ ಸೇರಿದಂತೆ. ಅಂದಿನಿಂದ ಆವಲಪ್ಪನ ಬಾಯಲ್ಲಿ ಹೆಂಡತಿ 'ಬಚ್ಚಲು ಇಂಜಿನಿಯರ್'.

ದಿವ್ಯ ಅವರಿಗೆ ಅವರದೇ ಕಾರಣವಿದೆ. "ಸಿಟೀಲಿ ಎಲ್ಲಾ ಗೋಡೆನೂ ನುಣುಪೇ. ಇಲ್ಲಿಗೆ ಬಂದೋರು ಬಾಗಿಲಲ್ಲೇ ಒಬ್ಬರ ಕೈ ಮುಟ್ಟಿದ ಹಾಗಿರಬೇಕು. ಲಕ್ಷ್ಮಮ್ಮನ ಕೆಲಸ ಎಷ್ಟು ಚೆನ್ನಾಗಿದೆ ಅಂದ್ರೆ, ಅಲ್ಲಿ ಅವರ ಕೈಯೇ ಕಾಣಲ್ಲ."

ನೋಡಲು ಬಂದವರು ಪಾಪಮ್ಮನ ಗೀರುಗಳಲ್ಲಿ ತಮ್ಮ ಬೆರಳಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಹಿಂದಿನ ಗೋಡೆಯ ಹತ್ತಿರ ಬಂದು ಒಂದು ಸಲ ಸವರಿ ಕೇಳುತ್ತಾರೆ, "ಆಂಟಿ, ಇದು ಸಿಮೆಂಟಾ?"

"ಹೊಟ್ಟೆ ಉರೀತೈತೆ. ಬರ್ಕೊಳಿ, ಪರ್ವಾಗಿಲ್ಲ. ಪಾಪಿಗೂ ಗೊತ್ತು" ಎನ್ನುತ್ತಾರೆ ಮುನಿಲಕ್ಷ್ಮಮ್ಮ, ಬರೆದುಕೊಳ್ಳುತ್ತಿದ್ದ ಪೆನ್ನು ನಿಂತದ್ದನ್ನು ಕಂಡು. "ಅವಳೇನಾದ್ರೂ ನನಗಿಂತ ಚೆನ್ನಾಗ್ ಮಾಡಿದ್ರೆ ತಡ್ಕೋತಿದ್ದೆ. ಕೆಟ್ಟದಾಗ್ ಮಾಡಿ ಗೆದ್ಲಲ್ಲ, ಅದ್ ಹೆಂಗೆ ತಡ್ಕೊಳ್ಲಿ?"

ಈ ವಾರದ ಸಂಕಟ ಶುರುವಾದದ್ದು ಮಂಗಳವಾರದ ಮಳೆಯಿಂದ. ಮಾಳಿಗೆಯ ಮಳೆನೀರಿನ ದೋಣಿಯಲ್ಲಿ ಕಸ ಕಟ್ಟಿಕೊಂಡು ನೀರು ಎದುರುಗೋಡೆಯ ಬುಡಕ್ಕೆ ಸುರಿದು, ಮಣ್ಣು ಕಿತ್ತುಬಂತು. ಪಾಪಮ್ಮ ಊರಲ್ಲಿಲ್ಲ, ಮಗಳು ರಂಜಿತಳ ಬಾಣಂತನಕ್ಕೆ ಹೊಸಕೋಟೆಗೆ ಹೋಗಿದ್ದಾರೆ. ಭಾನುವಾರ ಸಮೇತನಹಳ್ಳಿಯಿಂದ ಗಂಡಹೆಂಡತಿ ಬರುವವರಿದ್ದಾರೆ. ತಮ್ಮ ಜಮೀನಿನಲ್ಲಿ ಇಂಥದೇ ಮನೆಗಳ ಸಾಲು ಕಟ್ಟಿಸುವ ಯೋಚನೆ ಅವರದು. ಅವರು ಇಲ್ಲಿ ಯಾವ ಎದುರುಗೋಡೆ ನೋಡಿ ಒಪ್ಪುತ್ತಾರೋ ಅಲ್ಲಿಯೂ ಅದೇ ಕೈಯ ಗೋಡೆ. ದಿವ್ಯ ಫೋನಿನಲ್ಲಿ ಹೇಳಿದ್ದು ಇಷ್ಟು: "ಲಕ್ಷ್ಮಮ್ಮ, ಬುಡಕ್ಕೆ ಮಣ್ಣು ತುಂಬಿಸಿ, ಪಾಪಮ್ಮನ ಥರಾನೇ ಬೆರಳಾಡಿಸಿಬಿಡಿ."

ಹೀಗೆ ಶುಕ್ರವಾರ ಬೆಳಿಗ್ಗೆ ಎದುರುಗೋಡೆಯೂ ಮುನಿಲಕ್ಷ್ಮಮ್ಮನೂ ಇಬ್ಬರೇ ಇದ್ದಾರೆ. ಕಲ್ಲು ಕೈಗೆ ತೆಗೆದುಕೊಂಡದ್ದು ಅಭ್ಯಾಸಬಲದಿಂದ ಎಂದರೆ ನಂಬಬಹುದು. ಮಳೆ ಮುಟ್ಟದ ಜಾಗಕ್ಕೂ ತೆಳ್ಳಗೆ ಮಣ್ಣು ಬಳಿದು ಉಜ್ಜಿದ್ದು ಅಭ್ಯಾಸವಲ್ಲ. ಹೀಗೇ ಏರುತ್ತಾ ಹೋದರೆ ಬಿಸಿಲು ಬಲಿಯುವುದರೊಳಗೆ ಎದುರುಗೋಡೆ ತನ್ನದಾಗುತ್ತದೆ. ಸಮೇತನಹಳ್ಳಿಯವರು ನೋಡುವುದು ಅದನ್ನೇ. ಕೇಳಿದರೆ ಮಳೆಯ ಮೇಲೆ ಹಾಕಿದರಾಯಿತು.

ಆವಲಪ್ಪನ ಮಾತು ಬಿದ್ದದ್ದು ಇಲ್ಲಿಗೆ.

ಅವರು ಲೋಟ ತೆಗೆದುಕೊಂಡು ಹೋದ ಮೇಲೆ ಮುನಿಲಕ್ಷ್ಮಮ್ಮ ಕಲ್ಲನ್ನು ತೊಳೆದು ಪಕ್ಕಕ್ಕಿಡುತ್ತಾರೆ. ಆಮೇಲೆ ಉಜ್ಜಿದ ಜಾಗವನ್ನು ಕೆರೆದು, ಹೊಸ ಮಣ್ಣು ಮೆತ್ತಿ, ಬೆರಳು ಅಗಲಿಸಿ ಮೇಲಿನಿಂದ ಕೆಳಗೆ ಎಳೆಯುತ್ತಾರೆ. ಪಾಪಮ್ಮನದಾದರೇನು, ಕೋಳಿ ಕೆದಕಿದರಾಯಿತು ಎಂಬ ಉಡಾಫೆ. ಆದರೆ ಗೀರುಗಳು ಮೇಲಿನವುಗಳಿಗೆ ಕೂಡಿಕೊಳ್ಳುವುದಿಲ್ಲ. ಮತ್ತೆ ಎಳೆಯುತ್ತಾರೆ. ಮತ್ತೆ ಇಲ್ಲ. ಹತ್ತಿರ ಹೋಗಿ ಪಾಪಮ್ಮನ ಒಂದೊಂದು ಗೀರಿಗೂ ಬೆರಳಿಟ್ಟು ನೋಡುತ್ತಾರೆ. ಬಲಗೈಯಲ್ಲಿ ಎಳೆದರೆ ಹೆಬ್ಬೆರಳಿನ ದಪ್ಪ ಗೀರು ಎಡಕ್ಕೆ ಬೀಳಬೇಕು. ಇಲ್ಲಿ ಅದು ಬಲಕ್ಕಿದೆ. ಗೋಡೆಯ ಉದ್ದಕ್ಕೂ ಬಲಕ್ಕೇ ಇದೆ.

"ಎಲಾ ಇವ್ಳ! ಎಡಗೈ!"

ಅತ್ತೆಯ ಮನೆಯಲ್ಲಿ ಗೋಡೆಗೆ ಎಡಗೈ ತಾಕಿಸುವಂತಿರಲಿಲ್ಲ. ಹಬ್ಬಕ್ಕೆ ಲಕ್ಷ್ಮೀದೇವಿಯನ್ನು ಬರಮಾಡಿಕೊಳ್ಳುವ ಗೋಡೆ ಅದು. ಎಡಚಿಯಾದ ಪಾಪಮ್ಮ ಅಷ್ಟು ವರ್ಷವೂ ಬಾರದ ಕೈಯಲ್ಲಿ ಮೆತ್ತಿ ಬೈಸಿಕೊಂಡವಳು. ಇಲ್ಲಿ ಯಾವ ಕೈ ಎಂದು ಕೇಳುವವರಿಲ್ಲ. ತನ್ನ ಕೈಯಲ್ಲೇ ಮಾಡಿದ್ದಾಳೆ. ಕಣ್ಣು ಅರಿತ ಮೇಲೆ ಕಾಣುತ್ತದೆ: ಒಂದು ಗೀರೂ ಇನ್ನೊಂದಕ್ಕೆ ತಾಗಿಲ್ಲ, ಒಂದೂ ನಡುಗಿಲ್ಲ.

ಮುನಿಲಕ್ಷ್ಮಮ್ಮ ಎಡಗೈಯಲ್ಲಿ ಒಂದು ಸಲ ಎಳೆದು ನೋಡುತ್ತಾರೆ. ಅದು ನಿಜಕ್ಕೂ ಕೋಳಿ ಕೆದಕಿದ ಹಾಗಿದೆ.

"ಆಗ್ಲೇ ನಂಗೆ ಹೆಚ್ಚು ಉರಿದಿದ್ದು" ಎಂದು ಅವರು ಹೇಳುತ್ತಾರೆ. "ಅಲ್ಲೀವರ್ಗೂ ಅವ್ಳಿಗೆ ಬರಲ್ಲ, ಅದೃಷ್ಟ ಒಂದೈತೆ ಅಂದ್ಕೊಂಡಿದ್ದೆ. ಬತ್ತದೆ ಅಂತ ಗೊತ್ತಾದ್ ಮೇಲೆ ಏನ್ ಅಂದ್ಕೊಳ್ಲಿ?"

ಕೈ ತೊಳೆದು, ಎಡಗೈಯಲ್ಲಿ ಎಳೆದದ್ದನ್ನೂ ಕೆರೆದು, ಒದ್ದೆ ಗೋಣಿಚೀಲ ಹೊದಿಸಿ, ಫೋನು ತೆಗೆಯುತ್ತಾರೆ.

"ಲೇ ಪಾಪಿ, ಎಡಗೈಲಿ ಮಾಡಿದ್ಯೇನೆ ಗೋಡೆನ?"

ಆ ಕಡೆ ಪಾಪಮ್ಮ ಅಳುವ ಮಗುವನ್ನು ಮಗಳ ಕೈಗೆ ಕೊಡುವುದು ಕೇಳುತ್ತದೆ. ಆಮೇಲೆ, "ಯಾರಕ್ಕ ಹೇಳಿದ್ದು?"

"ಯಾರೋ ಹೇಳಿದ್ರು ಬಿಡು."

"ಅತ್ತೆ ಇದ್ದಿದ್ರೆ ಕೈ ಮುರ್ದಾಕೋರು ಅಲ್ವಾ ಅಕ್ಕ?" ಪಾಪಮ್ಮ ನಗುತ್ತಾರೆ.

"ನಗ್ಬೇಡ. ನಿನ್ ಗೋಡೆನ ಮಳೆ ತಿಂದಾಕೈತೆ. ಸೊಂಟದವರ್ಗೂ. ನಾಳೆ ಮೊದಲ್ನೇ ಬಸ್ಸಿಗೇ ಬಂದ್ಬಿಡು."

"ಸೊಂಟದವರ್ಗಾ? ಅಂಥಾ ಮಳೆನಾ?"

"ಬತ್ತೀಯೋ ಇಲ್ವೋ?"

ಶನಿವಾರ ಪಾಪಮ್ಮ ಬರುವ ಹೊತ್ತಿಗೆ ಮಣ್ಣು ಸಿದ್ಧವಾಗಿದೆ. ಸೋಸಿದ ಮಣ್ಣಿಗೆ ಕತ್ತರಿಸಿದ ರಾಗಿ ಹುಲ್ಲು, ಸಗಣಿ, ಅಳತೆಯ ಸುಣ್ಣ ಸೇರಿಸಿ ಮುನಿಲಕ್ಷ್ಮಮ್ಮ ಇನ್ನೂ ತುಳಿಯುತ್ತಲೇ ಇದ್ದಾರೆ. ಪಾಪಮ್ಮ ಗೋಣಿಚೀಲ ಸರಿಸುತ್ತಾರೆ. ಕೆರೆಯುವಾಗ ಬಿಟ್ಟುಹೋದ ಒಂದು ಮೂಲೆ ಅಲ್ಲಿ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಅವರು ಅದರ ಮೇಲೆ ಬೆರಳು ಜಾರಿಸುತ್ತಾರೆ.

"ಎಷ್ಟು ನುಣುಪಾದ ಮಳೆ ಅಕ್ಕಾ ಇದು! ಕಲ್ ಹಿಡ್ಕೊಂಡು ಉಜ್ಜಿದಂಗೈತೆ."

"ಮಣ್ಣು ಆರೋಗ್ತೈತೆ. ಮೊದ್ಲು ಕೈ ಹಾಕು" ಎಂದು ಮುನಿಲಕ್ಷ್ಮಮ್ಮ ಮುಖ ಆ ಕಡೆ ತಿರುಗಿಸಿ ಇನ್ನಷ್ಟು ಜೋರಾಗಿ ತುಳಿಯುತ್ತಾರೆ. ಪಾಪಮ್ಮ ಸುತ್ತಮುತ್ತ ನೋಡಿ, ಸೆರಗು ಬಿಗಿದು, ಎಡಗೈ ಅಗಲಿಸುತ್ತಾರೆ. ಗೀರುಗಳು ಮೇಲಿನವಕ್ಕೆ ನೀರಿನ ಹಾಗೆ ಕೂಡಿಕೊಳ್ಳುತ್ತವೆ. ಹಿರಿಯ ಓರಗಿತ್ತಿ ಬಾಂಡ್ಲಿ ತುಂಬಿಸಿ ಕೊಡುತ್ತಾ ಅದನ್ನು ನೋಡುತ್ತಾರೆ. ಕಣ್ಣು ಕೀಳಲಾಗುವುದಿಲ್ಲ.

ಭಾನುವಾರ ಸಮೇತನಹಳ್ಳಿಯವರು ಬಂದರು, ಗೀರುಗಳಲ್ಲಿ ಬೆರಳಿಟ್ಟರು, ಒಪ್ಪಿದರು. ಅಲ್ಲಿಯ ಎದುರುಗೋಡೆಗಳು ಪಾಪಮ್ಮನಿಗೆ. ಮಲಗುವ ಕೋಣೆಗಳು ಮುನಿಲಕ್ಷ್ಮಮ್ಮನಿಗೆ. ಬೆನ್ನು ಒರಗಿಸುವ ಗೋಡೆ ನುಣ್ಣಗೇ ಇರಬೇಕು ಎಂದು ಕೇಳಿದ್ದು ಆ ಮನೆಯಾಕೆಯೇ. ದಿವ್ಯ ಅದನ್ನು ಸಂತೋಷದಿಂದ ಹೇಳಿದರು. "ಒಳಗಿಂದು ಯಾರ್ ನೋಡ್ತಾರೆ ಮೇಡಂ" ಎಂದರು ಮುನಿಲಕ್ಷ್ಮಮ್ಮ. ಕೆಲಸ ಮಾತ್ರ ಒಪ್ಪಿಕೊಂಡರು.

ಸಂಜೆ ಓರಗಿತ್ತಿಯರು ಮರಳುವುದು ತಮ್ಮ ತಮ್ಮ ಸಿಮೆಂಟಿನ ಮನೆಗೆ. ಹಗಲೆಲ್ಲ ಕಾದ ಮಾಳಿಗೆ ಕತ್ತಲಾದರೂ ಬಿಸಿ ಕಾರುತ್ತದೆ. ನಾಳೆಯ ಜನರಿಗೆ ತಂಪು ಗೋಡೆ ಮಾಡಿಕೊಡುವ ಇಬ್ಬರೂ ಬೀಸಣಿಗೆ ಹಿಡಿದು ಎದುರುಬದುರು ಬಾಗಿಲಲ್ಲಿ ಕೂರುತ್ತಾರೆ. ಮುನಿಲಕ್ಷ್ಮಮ್ಮನಿಗೆ ಒಂದು ಆಸೆಯಿದೆ. ಮನೆ ಕೆಡವಿ ಕಟ್ಟುವಷ್ಟು ದೊಡ್ಡದೇನಲ್ಲ. ಬೀದಿಯ ಕಡೆಗಿರುವ ಒಂದೇ ಒಂದು ಗೋಡೆಯನ್ನು ಒಡೆಸಿ, ಮಣ್ಣಿನಲ್ಲಿ ಎಬ್ಬಿಸಿ, ತಮ್ಮ ಕಲ್ಲಿನಿಂದ ಉಜ್ಜಬೇಕು. ಆ ಗೋಡೆಯೇ ಏಕೆ ಎಂದರೆ ಎದುರಿನ ಪಾಪಮ್ಮನ ಮನೆಯ ಬಾಗಿಲು ತೋರಿಸುತ್ತಾರೆ.

"ಅವ್ಳು ಬೆಳಗ್ಗೆ ಎದ್ದು ಬಾಗ್ಲು ತೆಗೆದ್ರೆ ಅದೇ ಕಾಣ್ಬೇಕು. ಬಂದು ಒಂದ್ಸಲ ಸವರಿ ನೋಡ್ಬೇಕು. ಬಲಗೈಲಾದ್ರೂ ನೋಡ್ಲಿ, ಎಡಗೈಲಾದ್ರೂ ನೋಡ್ಲಿ. ಜಾರ್ಬೇಕು, ಅಷ್ಟೇ."