ಓದಿ ಹೇಳದೆ ಹೊರಡದ ಪತ್ರಗಳು

ಸ್ವಂತ ನೆಲವನ್ನು ಬಿಟ್ಟು, ಕಡಲು ದಾಟಿ ಬಂದು, ಪರರ ಊರಿನಲ್ಲಿ ಸುವಾರ್ತೆಯ ಸೇವೆಗೆ ಆಯುಷ್ಯವನ್ನು ಮುಡಿಪಾಗಿಟ್ಟವರ ಸಾಲಿನಲ್ಲಿ, ನಮ್ಮ ಬೀದಿಯವರೆಲ್ಲ ‘ಓದಮ್ಮ’ ಎಂದೇ ಕರೆಯುವ ಪೂಜ್ಯ ಮುಖ್ಯೋಪಾಧ್ಯಾಯಿನಿಯವರ ಸ್ಥಾನ ವಿಶಿಷ್ಟವಾದುದು. ಮೂವತ್ತನಾಲ್ಕು ವರ್ಷಗಳ ಹಿಂದೆ ಪಾದ್ರಿಗಳಾದ ಪತಿಯೊಡನೆ, ಎರಡು ವರ್ಷದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು, ಬಾಡಿಗೆ ಮನೆಯ ಮುಂಗೋಣೆಯಲ್ಲಿ ಏಳು ಹುಡುಗಿಯರಿಗೆ ಅಕ್ಷರ ಕಲಿಸಲಾರಂಭಿಸಿದ ಅವರು, ಇಂದು ನಾಲ್ಕುನೂರು ಮಕ್ಕಳ ಶಾಲೆಯ ಬೀಗದಕೈಯನ್ನು ಮತ್ತೊಬ್ಬರಿಗೆ ಒಪ್ಪಿಸಿ ನಿವೃತ್ತರಾಗುತ್ತಿದ್ದಾರೆ. ಅವರ ಶಿಷ್ಯೆಯೂ, ಹದಿನೈದು ವರ್ಷಗಳಿಂದ ಸಹೋದ್ಯೋಗಿಯೂ, ಅದಕ್ಕೂ ಮೊದಲು ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆಯವಳೂ ಆದ ನನ್ನಿಂದ ಈ ಅಭಿನಂದನ ಗ್ರಂಥಕ್ಕೆ ಲೇಖನವನ್ನು ಅಪೇಕ್ಷಿಸಿದ ಸಂಪಾದಕ ಮಂಡಳಿಗೆ ನಾನು ಕೃತಜ್ಞಳು. ಆ ಕೃತಜ್ಞತೆ ಎಷ್ಟು ಹೊತ್ತು ಬಾಳಿತೆಂಬುದು ಮುಂದೆ ಓದುವವರಿಗೆ ತಿಳಿಯುತ್ತದೆ.

ಆ ಗೋಡೆ ಬಹಳ ತೆಳುವಾಗಿತ್ತು. ಬೆಳಿಗ್ಗೆ ಆರೂವರೆಗೆ ಪಾದ್ರಿಗಳು, ಓದಮ್ಮನವರು, ಅವರ ಮಗಳು ಊಟದ ಮೇಜಿನ ಸುತ್ತ ಕೂತು ಪ್ರಾರ್ಥಿಸುವುದು ನಮ್ಮ ಅಡುಗೆಮನೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನೆರೆಹೊರೆಯ ಒಬ್ಬೊಬ್ಬರ ಹೆಸರನ್ನೂ ಹಿಡಿದು ದೇವರ ಮುಂದೆ ಇಡುವುದು ಅವರ ಪದ್ಧತಿ. ನನ್ನ ಅಮ್ಮ ಪಾತ್ರೆ ಉಜ್ಜುತ್ತಲೇ ಕಿವಿಗೊಟ್ಟಿರುವಳು. “ನೋಡಿದ್ರಾ, ಇವತ್ತು ನನ್ನ ಮೊಣಕಾಲು ಮರೆತೇಬಿಟ್ರು! ದರ್ಜಿ ಕೆಮ್ಮಿಗೆ ಮಾತ್ರ ಎರಡೆರಡು ಸಲ ಆಮೆನ್” ಎಂದು ಅಪ್ಪನ ಹತ್ತಿರ ದೂರುವಳು. ನಾವು ಅವರ ಸಭೆಗೆ ಸೇರಿದವರಲ್ಲ. ಪಾದ್ರಿಗಳು ಒಂದು ಸಲ ಕೇಳಿದರು, ಅಪ್ಪ ಬೇಡವೆಂದರು, ಆಮೇಲೆ ಮಾತು ಆ ಮೇಜಿನ ಅಲುಗಾಡುವ ಕಾಲಿನ ಕಡೆಗೆ ಹೊರಳಿತು. ಆ ಮೇಜನ್ನು ಮಾಡಿಕೊಟ್ಟವರೇ ನನ್ನ ಅಪ್ಪ, ಅವರು ಬಡಗಿ. ನಾನಂತೂ ನನ್ನ ಮನೆಗಿಂತ ಹೆಚ್ಚಾಗಿ ಆ ಮೇಜಿನ ಕೆಳಗೇ ಬೆಳೆದೆ. ಓದಮ್ಮನವರ ಮಗಳು ನನ್ನ ಜೀವದ ಗೆಳತಿ.

ಮಿಷನ್ ಕುಟುಂಬಗಳಿಗೆ ಇನ್ನೊಂದು ಕಟ್ಟಳೆಯೂ ಇತ್ತು. ಮೂರು ತಿಂಗಳಿಗೊಮ್ಮೆ ತಮ್ಮ ದೇಶದ ಸಭೆಗಳಿಗೆ ಪ್ರಾರ್ಥನಾ ಪತ್ರ ಬರೆಯಬೇಕು. ಮಿಷನ್ನಿನ ಕೇಂದ್ರ ಕಚೇರಿ ಅದನ್ನು ತಿದ್ದಿ, ಅಚ್ಚು ಹಾಕಿಸಿ ಹಂಚುತ್ತದೆ. ಆ ಸಭೆಗಳವರು ಅದನ್ನು ಗೋಡೆಗೆ ಅಂಟಿಸಿಕೊಂಡು ಪ್ರಾರ್ಥಿಸುತ್ತಾರೆ. ನನಗೆ ಒಂಬತ್ತು ತುಂಬಿದ ವರ್ಷ ಜ್ವರ ಬಂದು ತಲೆ ಬೋಳಿಸಿದ್ದರು. ಅಣ್ಣನ ಹರಕು ಅಂಗಿ ತೊಟ್ಟು, ಅಪ್ಪನ ಜೊತೆ ಹಳೆಯ ಬಾಗಿಲೊಂದರ ಬಣ್ಣ ಕೆರೆಯುತ್ತಿದ್ದಾಗ ಪಾದ್ರಿಗಳ ಮನೆಗೆ ಬಂದಿದ್ದ ಅತಿಥಿಯೊಬ್ಬರು ನನ್ನ ಫೋಟೋ ತೆಗೆದರು. ಚೆನ್ನಾಗಿದೆಯೆಂದು ಓದಮ್ಮನವರು ಅದನ್ನು ಆ ಸಲದ ಪತ್ರದೊಡನೆ ಇಟ್ಟು ಕಳುಹಿಸಿದರು. ನಮ್ಮನ್ನು ಕೇಳಲಿಲ್ಲ. ಅವರ ಸೇವೆಯಲ್ಲಿ ನಾನು ಬಲ್ಲ ತಪ್ಪು ಅದೊಂದೇ.

ಆರು ತಿಂಗಳ ಮೇಲೆ ಆ ದೇಶದಿಂದ ಉಡುಪು, ಪಿಂಗಾಣಿ ತುಂಬಿದ ಮರದ ಪೆಟ್ಟಿಗೆ ಬಂತು. ಮೊಳೆ ಕೀಳಲು ಅಪ್ಪನನ್ನೇ ಕರೆದರು. ಬಟ್ಟಲುಗಳಿಗೆ ಸುತ್ತಿದ್ದ ಕಾಗದವನ್ನು ಬಿಡಿಸಿದರೆ ಅದು ಅಚ್ಚಾದ ಪ್ರಾರ್ಥನಾ ಪತ್ರ, ಅದರಲ್ಲಿ ನನ್ನ ಬೋಳುತಲೆ! ಮತ್ತೊಂದು ಬಟ್ಟಲಿಗೂ ಅದೇ, ಮಗದೊಂದಕ್ಕೂ ಅದೇ. ಅಪ್ಪನಿಗೆ ಆ ಲಿಪಿ ಬಾರದು. ಏನು ಬರೆದಿದೆಯೆಂದು ನನ್ನ ಗೆಳತಿಯನ್ನು ಕೇಳಿದರು. ಅವಳು ಮಗು, ಇದ್ದದ್ದನ್ನು ಇದ್ದಂತೆ ಓದಿ ಹೇಳಿದಳು: ತಂದೆ ತಾಯಿ ಇಲ್ಲದ ಈ ಅನಾಥೆ ಹಸಿದು ನಮ್ಮ ಬಾಗಿಲಿಗೆ ಬಂದಳು.

ಅಪ್ಪ ಸುತ್ತಿಗೆಯನ್ನು ಮೇಜಿನ ಮೇಲಿಟ್ಟರು. “ಹೌದಾ? ನಾನು ಸತ್ತಿದ್ದು ಯಾವಾಗಮ್ಮಾ?” ಎಂದಷ್ಟೇ ಕೇಳಿ ಮನೆಗೆ ಬಂದರು. ಅಮ್ಮ ಮಾತ್ರ ಸುಮ್ಮನಿರಲಿಲ್ಲ. “ನನ್ನ ಮಗಳು ಹಸಿದಿದ್ಲಾ? ಇವರ ಮನೇಲಿ ತಿಂದ್ಕೊಂಡು ಬಂದ ಮೇಲೂ ನನ್ನ ಹತ್ರ ಮತ್ತೆ ತಿಂತಾಳೆ ಅವಳು!” ಎಂದು ಗೋಡೆಗೆ ಕೇಳುವಂತೆ ಕೂಗಿದಳು.

ಅದೇ ಸಂಜೆ ದಂಪತಿಗಳಿಬ್ಬರೂ ನಮ್ಮ ಹೊಸ್ತಿಲ ಹೊರಗೆ ಬಂದು ನಿಂತರು. ಪಾದ್ರಿಗಳು ಏನೋ ಹೇಳಲು ಬಾಯಿ ತೆರೆದಾಗ ಓದಮ್ಮನವರು ಅವರ ತೋಳು ಹಿಡಿದು ತಡೆದರು. “ಕಳಿಸಿದ್ದು ನಾನು. ನೆರೆಮನೆಯವರ ಮೇಲೆ ಸುಳ್ಳುಸಾಕ್ಷಿ ಹೇಳಿದ ಹಾಗಾಯ್ತು. ಇನ್ಮೇಲೆ ನಿಮಗೆ ಓದಿ ಹೇಳ್ದೆ ನಿಮ್ಮ ವಿಷಯ ಒಂದಕ್ಷರಾನೂ ಈ ಮನೆಯಿಂದ ಹೊರಗೆ ಹೋಗಲ್ಲ” ಎಂದರು. ಅಪ್ಪ ಬಾಗಿಲಿನಿಂದ ಪಕ್ಕಕ್ಕೆ ಸರಿದರು. “ಒಳಗೆ ಬನ್ನಿ” ಎಂದರು.

ಅಂದಿನಿಂದ ಇಪ್ಪತ್ತೇಳು ವರ್ಷ ಅವರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಪ್ರತಿ ಪತ್ರವನ್ನೂ ಅದರಲ್ಲಿ ಬರುವವರೆಲ್ಲರನ್ನು ಆ ಮೇಜಿನ ಸುತ್ತ ಕೂರಿಸಿ, ನಮ್ಮ ಭಾಷೆಗೆ ತಿರುಗಿಸುತ್ತ ಓದಿ ಹೇಳುವರು. ಬೇಡವೆಂದದ್ದನ್ನು ಅಲ್ಲೇ ಹೊಡೆದುಹಾಕುವರು. ಓದಮ್ಮ ಎಂಬ ಹೆಸರು ಅಂಟಿದ್ದು ಹಾಗೆ. ಹಾಲು ಮಾರುವಾಕೆ ತನ್ನನ್ನು ಬಡವಿ ಎಂದದ್ದನ್ನು ತೆಗೆಸಿ, ಹಠಮಾರಿ ಎಂದದ್ದನ್ನು ಉಳಿಸಿಕೊಂಡಳು. ದರ್ಜಿಯಂತೂ ತನ್ನ ಕೆಮ್ಮು ವಾಸಿಯಾದದ್ದು ಪ್ರಾರ್ಥನೆಯಿಂದಲೋ ಔಷಧದಿಂದಲೋ ಎಂದು ಅರ್ಧ ಗಂಟೆ ವಾದಿಸಿ, ಎರಡನ್ನೂ ಬರೆಸಿದ. “ಈ ಮೂರು ತಿಂಗಳಲ್ಲಿ ಸಭೆಗೆ ಹೊಸಬರು ಯಾರೂ ಸೇರಲಿಲ್ಲ, ಶಾಲೆಯ ನಲ್ಲಿ ದುರಸ್ತಿಯಾಯಿತು” ಎಂಬ ವಾಕ್ಯವಿದ್ದ ಪತ್ರವನ್ನು ಪಾದ್ರಿಗಳು ನಗುತ್ತಲೇ ಲಕೋಟೆಗೆ ಹಾಕಿದ್ದನ್ನು ನಾನು ಕಂಡಿದ್ದೇನೆ.

ಕಚೇರಿಗೆ ಇದು ರುಚಿಸಲಿಲ್ಲ. ನನ್ನ ಚಿತ್ರದ ಬಗ್ಗೆ ತಿದ್ದುಪಡಿ ಅಚ್ಚು ಹಾಕಿರೆಂದು ಓದಮ್ಮನವರು ಮೂರು ಸಲ ಬರೆದರು. ಮೂರು ಸಲವೂ ಅವರಿಗೆ ಬಂದದ್ದು ಉಪದೇಶ. ಕುಟುಂಬವು ಸ್ವದೇಶಕ್ಕೆ ಹೋಗಬೇಕಿದ್ದ ರಜೆ ಎರಡು ಸಲ ಮುಂದಕ್ಕೆ ಹೋಯಿತು, ‘ವಿಧೇಯತೆಯ ಕೊರತೆ’ ಎಂಬ ಕಾರಣ ಕೊಟ್ಟು. ಕೊನೆಗೆ ರಜೆ ಸಿಕ್ಕಿದಾಗ ಓದಮ್ಮನವರ ತಾಯಿ ಮಣ್ಣಾಗಿ ನಾಲ್ಕು ತಿಂಗಳಾಗಿತ್ತು. ಆ ಸುದ್ದಿ ಬಂದ ದಿನ ನನ್ನ ಅಮ್ಮ ಹೋಗಿ ಅವರ ತಲೆಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಬ್ಬ ಮಗಳನ್ನು ಹೆತ್ತತಾಯಿಯ ಮುಖ ನೋಡಗೊಡದ ಆ ಮಹನೀಯರಿಗೆ, ತಾಯಿ ಬದುಕಿದ್ದ ಇನ್ನೊಬ್ಬ ಮಗಳನ್ನು ಅನಾಥೆ ಮಾಡುವುದು ಯಾವ ದೊಡ್ಡ ವಿಷಯ? ಅಭಿನಂದನ ಗ್ರಂಥದಲ್ಲಿ ಇಂಥ ಮಾತು ಸಲ್ಲದೆಂದು ನನಗೂ ಗೊತ್ತು. ಆದರೂ ಬರೆಯುತ್ತೇನೆ, ಯಾಕೆಂದರೆ ಹೋದ ತಿಂಗಳು ಎರಡು ಕಾಗದಗಳು ಒಂದೇ ವಾರದಲ್ಲಿ ನನ್ನ ಕೈಸೇರಿದವು.

ಮೊದಲನೆಯದು ಇದೇ ಗ್ರಂಥದ ಕರಡು. ನನ್ನ ಲೇಖನಕ್ಕೆಂದು ಬಿಟ್ಟ ಪುಟದ ಎದುರಿಗೆ, ಹಳೆಯ ಅಚ್ಚುಪತ್ರದಿಂದ ಎತ್ತಿದ ಅದೇ ಬೋಳುತಲೆಯ ಚಿತ್ರ, ಅಡಿಯಲ್ಲಿ ‘ಅನಾಥೆಯಿಂದ ಅಧ್ಯಾಪಕಿಯವರೆಗೆ’. ಸಂಪಾದಕರೇ, ನಿಮಗೆ ನಾಚಿಕೆಯಾಗುವುದಿಲ್ಲವೇ? ನಿಮ್ಮಲ್ಲಿ ಇಬ್ಬರು ನನ್ನ ಮದುವೆಗೆ ಬಂದು, ನನ್ನ ಅಪ್ಪನ ಕೈಕುಲುಕಿ, ಹೊಟ್ಟೆತುಂಬ ಉಂಡು ಹೋದವರು!

ಎರಡನೆಯದು, ಶಾಲೆಯ ಕಪಾಟು ಖಾಲಿ ಮಾಡುವಾಗ ಸಿಕ್ಕ, ಆ ಹಳೆಯ ಪ್ರಾರ್ಥನಾ ಪತ್ರದ ಕಾರ್ಬನ್ ಪ್ರತಿ. ಓದಮ್ಮನವರೇ ಕಲಿಸಿದ ಅವರ ಭಾಷೆಯಲ್ಲಿ, ಅವರದೇ ಕೈಬರಹದಲ್ಲಿ ಹೀಗಿತ್ತು: “ಪಕ್ಕದ ಮನೆಯ ಬಡಗಿಯ ಮಗಳು, ನಮ್ಮ ಮಗಳ ಗೆಳತಿ. ತಂದೆಯ ಕೆಲಸಕ್ಕೆ ನೆರವಾಗುತ್ತಿದ್ದಾಳೆ. ಜ್ವರ ಬಿಟ್ಟಿದೆ; ದೇವರಿಗೆ ಸ್ತೋತ್ರ.” ಅನಾಥೆ, ಹಸಿವು, ಬಾಗಿಲು, ಎಲ್ಲವೂ ಕಚೇರಿಯ ಸೃಷ್ಟಿ! ಇಷ್ಟು ವರ್ಷ ಆ ತಪ್ಪನ್ನು ತಾವೇ ಹೊತ್ತು, ನಮ್ಮ ಹೊಸ್ತಿಲಲ್ಲಿ ತಲೆತಗ್ಗಿಸಿ ನಿಂತವರು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಅವರದೇ ನಿಯಮದಂತೆ ಈ ಲೇಖನವನ್ನು ಹೋದ ಶನಿವಾರ ಅದೇ ಮೇಜಿನಲ್ಲಿ ಅವರಿಗೆ ಓದಿ ಹೇಳಿದೆ. ಕಾರ್ಬನ್ ಪ್ರತಿಯ ಭಾಗ ಬಂದಾಗ ಕೈಯೆತ್ತಿದರು.

“ಅದನ್ನ ಹೊಡೆದುಹಾಕು. ಕೇಳದೆ ಕಳಿಸಿದ್ದು ನಾನೇ ತಾನೆ?”

“ಅಮ್ಮಾ, ನನಗೆ ಮೈಯೆಲ್ಲ ಉರೀತಿದೆ.”

“ಉರೀಲಿ. ನಿಯಮ ನಿಯಮವೇ.”

ಪಾದ್ರಿಗಳು ಕನ್ನಡಕ ಒರೆಸಿಕೊಳ್ಳುತ್ತ ಪತ್ನಿಗೆ ಮೆಲ್ಲಗೆ ಹೇಳಿದರು: “ಆ ಭಾಗದಲ್ಲಿ ನೀನೊಬ್ಬಳೇ ಇಲ್ಲವಲ್ಲ. ಬಡಗಿಯೂ ಇದ್ದಾರೆ. ಅವರನ್ನೂ ಕೇಳಬೇಕು.” ಓದಮ್ಮನವರು ಅವರನ್ನು ದುರುಗುಟ್ಟಿ ನೋಡಿದರು. ಆಮೇಲೆ, ತಾವೇ ಮಾಡಿದ ನಿಯಮವಲ್ಲವೇ, “ಸರಿ, ಬಡಗಿ ಹೇಳಿದ ಹಾಗೆ ಆಗ್ಲಿ” ಎಂದರು.

ಅಪ್ಪನಿಗೆ ಈಗ ಕಿವಿ ಮಂದ. ಗಟ್ಟಿಯಾಗಿ ಓದಿದೆ, ಗೋಡೆಯಾಚೆ ಓದಮ್ಮನವರಿಗೂ ಕೇಳಿಸಿರಬೇಕು. ಅಪ್ಪ ಕಾರ್ಬನ್ ಪ್ರತಿಯನ್ನು ಕೈಗೆ ತೆಗೆದುಕೊಂಡು, ತನಗೆ ಬಾರದ ಆ ಅಕ್ಷರಗಳ ಮೇಲೆ ಬೆರಳಾಡಿಸಿ, “ಬಡಗಿ ಅಂತ ಬರೆದಿರೋದು ಯಾವುದು?” ಎಂದು ಕೇಳಿದರು. ತೋರಿಸಿದೆ. “ಇರ್ಲಿ ಬಿಡು, ತೆಗೀಬೇಡ. ನಾನು ಬದುಕಿದ್ದೀನಿ ಅಂತ ಎಲ್ಲಾದ್ರೂ ಒಂದು ಕಡೆ ಅಚ್ಚಾಗ್ಬೇಕಲ್ಲ” ಎಂದರು.

ಆದ್ದರಿಂದ ಸಂಪಾದಕರಲ್ಲಿ ನನ್ನ ವಿಜ್ಞಾಪನೆಯಲ್ಲ, ಷರತ್ತು: ಆ ಚಿತ್ರದಡಿಯಲ್ಲಿ ಓದಮ್ಮನವರು ಬರೆದ ಸಾಲುಗಳನ್ನೇ ಅಚ್ಚು ಹಾಕಿರಿ; ಇಲ್ಲವೇ ಚಿತ್ರವನ್ನೂ ನನ್ನನ್ನೂ ಕೈಬಿಡಿರಿ. ನಿವೃತ್ತಿಯ ನಂತರ ಸ್ವದೇಶಕ್ಕೆ ಮರಳಬೇಕೆಂಬ ಕಚೇರಿಯ ಸೂಚನೆಗೆ ಬೆನ್ನು ತಿರುಗಿಸಿ, ಆ ತೆಳುಗೋಡೆಯ ಮನೆಯಲ್ಲೇ ಉಳಿಯಲು ನಿಶ್ಚಯಿಸಿರುವ ಈ ದಂಪತಿಗಳಿಗೆ ದೇವರು ದೀರ್ಘಾಯುಷ್ಯವನ್ನೂ, ಇನ್ನೂ ನೂರಾರು ಪತ್ರಗಳನ್ನು ಓದಿ ಹೇಳುವ ಗಂಟಲನ್ನೂ ಕರುಣಿಸಲಿ. ಇಂದು ಬೆಳಿಗ್ಗೆ ಆರೂವರೆಗೆ ಅಪ್ಪನ ಅಡುಗೆಮನೆಯಲ್ಲಿದ್ದ ನನಗೆ ಗೋಡೆಯಾಚೆಯಿಂದ ಅಪ್ಪನ ಕಿವಿಗಾಗಿ ಪ್ರಾರ್ಥನೆ ಕೇಳಿಸಿತು. ಅಪ್ಪನಿಗೆ ಕೇಳಿಸಲಿಲ್ಲ, ನಾನು ಹೋಗಿ, ಕೇಳಿದ್ದನ್ನು ಪತ್ರದಂತೆ ಅಕ್ಷರ ಬಿಡದೆ ಓದಿ ಹೇಳಿದೆ.